ಸಮುದ್ರಸೇವೆ, ಪರೀಕ್ಷೆ, ಪ್ರಮಾಣಪತ್ರ: ಹಡಗಿನ ಕೆಡೆಟ್ ಅಧಿಕಾರಿಯಾಗುವ ಕ್ರಮದ ಚರಿತ್ರೆ

ವ್ಯಾಪಾರಿ ಹಡಗಿನ ಡೆಕ್ ಕೆಡೆಟ್ ಮೊದಲ ಯಾನ ಮುಗಿಸಿ ಊರಿಗೆ ಮರಳುವಾಗ ಅವನ ಬಳಿ ಮೂರು ದಾಖಲೆಗಳಿರುತ್ತವೆ. ಹಡಗು ಹತ್ತಿದ ಮತ್ತು ಇಳಿದ ತಾರೀಖುಗಳುಳ್ಳ ಸಿ.ಡಿ.ಸಿ. (ನಾವಿಕನ ನಿರಂತರ ಸೇವಾ ದಾಖಲೆ) ಪುಸ್ತಕ, ಕಪ್ತಾನ ಸಹಿ ಮಾಡಿ ಕೊಟ್ಟ ಸೇವಾ ದೃಢೀಕರಣ, ಅರ್ಧ ತುಂಬಿದ ತರಬೇತಿ ದಾಖಲೆ ಪುಸ್ತಕ. ಅಲ್ಲಿಂದ ಅಧಿಕಾರಿಯ ಪ್ರಮಾಣಪತ್ರದವರೆಗೆ ಅವನು ಹತ್ತಬೇಕಾದ ಮೆಟ್ಟಿಲುಗಳು ಸುಮಾರು ಮುನ್ನೂರೈವತ್ತು ವರ್ಷಗಳಲ್ಲಿ ಒಂದೊಂದಾಗಿ ರೂಪುಗೊಂಡವು. ಪರೀಕ್ಷೆಗಳು ಬಿಗಿಯಾಗುತ್ತ ಬಂದದ್ದನ್ನೇ ಈ ಚರಿತ್ರೆಯ ತಿರುಳೆಂದು ಹೇಳುವುದು ವಾಡಿಕೆ. ಪರೀಕ್ಷೆಯನ್ನು ಸರ್ಕಾರ ತನ್ನ ವಶಕ್ಕೆ ತೆಗೆದುಕೊಂಡರೂ, ಆ ಪರೀಕ್ಷೆಗೆ ಕೂರುವ ಅರ್ಹತೆ ಕೊಡುವ ಸಮುದ್ರಸೇವೆ ಹಡಗು ಮಾಲೀಕರ ಕೈಯಲ್ಲೇ ಉಳಿಯಿತು ಎಂಬುದೇ ಇದರ ನಿಜವಾದ ತೊಡಕು ಎಂದು ತೋರಿಸುವುದು ಈ ಲೇಖನದ ಉದ್ದೇಶ.

ಪೀಪ್ಸ್ ಹಾಕಿದ ತಳಹದಿ

ಅಧಿಕಾರಿಯಾಗಲು ಪರೀಕ್ಷೆ ಎಂಬ ಪದ್ಧತಿ ಮೊದಲು ನೆಲೆಗೊಂಡದ್ದು ಯುದ್ಧನೌಕೆಗಳಲ್ಲಿ. ಇಂಗ್ಲೆಂಡಿನ ನೌಕಾಡಳಿತದ ಕಾರ್ಯದರ್ಶಿಯಾಗಿದ್ದ ಸ್ಯಾಮ್ಯುಯೆಲ್ ಪೀಪ್ಸ್ 1677ರಲ್ಲಿ ಲೆಫ್ಟಿನೆಂಟ್ ಹುದ್ದೆಗೆ ಪರೀಕ್ಷೆಯನ್ನು ಕಡ್ಡಾಯ ಮಾಡಿಸಿದ. ಅಭ್ಯರ್ಥಿಗೆ ಇಪ್ಪತ್ತು ವರ್ಷ ತುಂಬಿರಬೇಕು, ಮೂರು ವರ್ಷ ಸಮುದ್ರದಲ್ಲಿ ದುಡಿದಿರಬೇಕು, ಅದರಲ್ಲಿ ಒಂದು ವರ್ಷ ಲೆಫ್ಟಿನೆಂಟಿಗಿಂತ ಕೆಳದರ್ಜೆಯ ಮಿಡ್‌ಶಿಪ್‌ಮನ್ ಆಗಿರಬೇಕು, ತನ್ನ ಕಪ್ತಾನರಿಂದ ನಡತೆಯ ಪತ್ರ ತಂದಿರಬೇಕು. ವಂಶದ ಬಲದಿಂದ ಹುದ್ದೆ ಹಿಡಿಯುತ್ತಿದ್ದ ಶ್ರೀಮಂತರ ಮಕ್ಕಳಿಗೆ ಕಡಿವಾಣ ಹಾಕುವುದು ಅವನ ಗುರಿಯಾಗಿತ್ತು. ವಯಸ್ಸು, ಸಮುದ್ರಸೇವೆ, ಹಿರಿಯರ ದೃಢೀಕರಣ, ಪರೀಕ್ಷೆ ಎಂಬ ಆ ನಾಲ್ಕು ಅಂಶಗಳೇ ಇಂದಿನ ಅಂತರರಾಷ್ಟ್ರೀಯ ನಿಯಮದಲ್ಲೂ ಇವೆ.

1850ರ ಕಾಯ್ದೆ

ವ್ಯಾಪಾರಿ ಹಡಗುಗಳಿಗೆ ಈ ಶಿಸ್ತು ಬರಲು ಇನ್ನೂ ನೂರೆಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಹಡಗು ದುರಂತಗಳ ಕಾರಣ ಹುಡುಕಲು 1836ರಲ್ಲಿ ಬ್ರಿಟಿಷ್ ಸಂಸತ್ತು ನೇಮಿಸಿದ ಸಮಿತಿ, ಕಪ್ತಾನರ ಮತ್ತು ಅವರ ಕೆಳಗಿನ ಡೆಕ್ ಅಧಿಕಾರಿಗಳಾದ ಮೇಟ್‌ಗಳ ಅಸಾಮರ್ಥ್ಯವನ್ನೂ ಕುಡಿತವನ್ನೂ ಕಾರಣಗಳ ಪಟ್ಟಿಗೆ ಸೇರಿಸಿತು. 1843ರಲ್ಲಿ ವಿದೇಶಾಂಗ ಕಚೇರಿಯ ಜೇಮ್ಸ್ ಮರ್ರೆ ಹೊರದೇಶಗಳ ಬಂದರುಗಳಲ್ಲಿದ್ದ ಕಾನ್ಸುಲರಿಗೆ ಪತ್ರ ಬರೆದು ಬ್ರಿಟಿಷ್ ಕಪ್ತಾನರ ಯೋಗ್ಯತೆಯ ಬಗ್ಗೆ ಅಭಿಪ್ರಾಯ ಕೇಳಿದ. ಬಂದ ಉತ್ತರಗಳು ಸರ್ಕಾರವನ್ನು ಮುಜುಗರಕ್ಕೆ ದೂಡಿದವು. 1845ರಲ್ಲಿ ಪರೀಕ್ಷೆ ಐಚ್ಛಿಕವಾಗಿ ಬಂತು. 1850ರ ಮರ್ಕಂಟೈಲ್ ಮರೀನ್ ಕಾಯ್ದೆ ಅದನ್ನು ವಿದೇಶಯಾನದ ಹಡಗುಗಳಿಗೆ ಕಡ್ಡಾಯ ಮಾಡಿತು. ಆ ಮೊದಲೇ ಕಪ್ತಾನ ಅಥವಾ ಮೇಟ್ ಆಗಿದ್ದವರಿಗೆ ಪರೀಕ್ಷೆಯಿಲ್ಲದೆ ಸೇವಾ ಪ್ರಮಾಣಪತ್ರ ಸಿಕ್ಕಿತು. ಹೊಸಬರು ಪರೀಕ್ಷೆ ಬರೆದು ಸಾಮರ್ಥ್ಯದ ಪ್ರಮಾಣಪತ್ರ ಪಡೆಯಬೇಕಾಯಿತು.

ಅಂದಿನ ನಿಯಮದಂತೆ ಸೆಕೆಂಡ್ ಮೇಟ್ ಆಗಲು ಹದಿನೇಳು ವರ್ಷ ವಯಸ್ಸು, ನಾಲ್ಕು ವರ್ಷ ಸಮುದ್ರಸೇವೆ; ಫಸ್ಟ್ ಮೇಟ್‌ಗೆ ಹತ್ತೊಂಬತ್ತು ಮತ್ತು ಐದು; ಕಪ್ತಾನ ಎಂದರೆ ಮಾಸ್ಟರ್‌ಗೆ ಇಪ್ಪತ್ತೊಂದು ಮತ್ತು ಆರು. ಸೆಕೆಂಡ್ ಮೇಟ್ ಪರೀಕ್ಷೆಯಲ್ಲಿ ಅಂಕಗಣಿತ, ಲಾಗರಿದಮ್ ಬಳಕೆ, ಹಿಂದಿನ ಮಧ್ಯಾಹ್ನದಿಂದ ಈ ಮಧ್ಯಾಹ್ನದವರೆಗೆ ಹಡಗು ಸಾಗಿದ ದಿಕ್ಕು ದೂರಗಳ ಲೆಕ್ಕ, ಮಧ್ಯಾಹ್ನದ ಸೂರ್ಯನ ಎತ್ತರದಿಂದ ಅಕ್ಷಾಂಶ ಕಂಡುಹಿಡಿಯುವುದು ಇವೆಲ್ಲ ಇದ್ದವು. ಸೆಕ್ಸ್‌ಟಂಟ್‌ನ ಕನ್ನಡಿಯಲ್ಲಿ ಸೂರ್ಯಬಿಂಬವನ್ನು ಇಳಿಸಿ ಅದರ ಕೆಳಅಂಚು ದಿಗಂತಕ್ಕೆ ತಾಗುವಂತೆ ಮಾಡಬೇಕು. ಬಿಂಬ ಏರುವುದು ನಿಂತ ಕ್ಷಣದ ಕೋನವೇ ಲೆಕ್ಕಕ್ಕೆ ಆಧಾರ. ತೂಗಾಡುವ ಡೆಕ್ಕಿನ ಮೇಲೆ ನಿಂತು ಕೈ ಪಳಗದವನಿಗೆ ಇದು ಪುಸ್ತಕದಿಂದ ಒಲಿಯುವ ವಿದ್ಯೆಯಲ್ಲ. ಸಮುದ್ರಸೇವೆಯ ವರ್ಷಗಳನ್ನು ಕಾಯ್ದೆ ಕೇಳಿದ್ದಕ್ಕೆ ಇಂಥ ಕಾರಣಗಳಿದ್ದವು.

ಆದರೆ ಆ ವರ್ಷಗಳನ್ನು ಕಳೆಯಲು ಹಡಗು ಕೊಡುವವರು ಯಾರು? 1823ರ ಕಾಯ್ದೆ ಬ್ರಿಟಿಷ್ ಹಡಗುಗಳು ಅಪ್ರೆಂಟಿಸರನ್ನು ಒಯ್ಯಲೇಬೇಕೆಂದು ವಿಧಿಸಿತ್ತು. ಬ್ರಿಟಿಷ್ ಹಡಗುಗಳ ವ್ಯಾಪಾರಕ್ಕೆ ರಕ್ಷಣೆ ಕೊಟ್ಟಿದ್ದ ನೌಕಾಯಾನ ಕಾಯ್ದೆಗಳು 1849ರಲ್ಲಿ ರದ್ದಾದಾಗ ಆ ಕಡ್ಡಾಯವೂ ಹೋಯಿತು. ಹೀಗೆ ಪರೀಕ್ಷೆ ಕಡ್ಡಾಯವಾಗುವ ಹೊತ್ತಿಗೆ ತರಬೇತಿ ಕೊಡುವ ಹೊಣೆ ಮಾಲೀಕನ ಇಚ್ಛೆಗೆ ಬಿಟ್ಟಂತಾಯಿತು. ಮಧ್ಯಮವರ್ಗದ ಕುಟುಂಬಗಳು ಮಗನನ್ನು ಅಪ್ರೆಂಟಿಸ್ ಮಾಡಿಸಲು ಕಂಪನಿಗೆ ಮುಂಗಡ ಹಣ ಕಟ್ಟಿ ನಾಲ್ಕು ವರ್ಷದ ಕರಾರಿಗೆ ಸಹಿ ಹಾಕುತ್ತಿದ್ದವು. 1859ರಲ್ಲಿ ಲಿವರ್‌ಪೂಲಿನ ಕಾನ್ವೇ, 1862ರಲ್ಲಿ ಥೇಮ್ಸ್ ನದಿಯ ವೂಸ್ಟರ್ ಎಂಬ ತರಬೇತಿ ನೌಕೆಗಳು ಆರಂಭವಾದವು. ಅಲ್ಲಿ ಕಲಿತವರೂ ಕೊನೆಗೆ ಯಾವುದಾದರೂ ಕಂಪನಿಯ ಹಡಗು ಹತ್ತಲೇಬೇಕಿತ್ತು.

ಪ್ರಮಾಣಪತ್ರ ಮತ್ತು ಹುದ್ದೆ ಬೇರೆ ಬೇರೆ ಎಂಬುದಕ್ಕೆ ಕಾದಂಬರಿಕಾರ ಜೋಸೆಫ್ ಕಾನ್ರಾಡ್‌ನ ಸೇವಾ ದಾಖಲೆ ಒಳ್ಳೆಯ ನಿದರ್ಶನ. ಅವನು 1880ರಲ್ಲಿ ಸೆಕೆಂಡ್ ಮೇಟ್, 1884ರಲ್ಲಿ ಫಸ್ಟ್ ಮೇಟ್, 1886ರಲ್ಲಿ ಮಾಸ್ಟರ್ ಪರೀಕ್ಷೆ ಪಾಸಾದ. ಕೊನೆಯ ಎರಡರಲ್ಲೂ ಮೊದಲ ಸಲ ನಪಾಸಾಗಿದ್ದ. ಸೆಕೆಂಡ್ ಮೇಟ್ ಪ್ರಮಾಣಪತ್ರ ಹಿಡಿದು ಲಾಕ್ ಎಟಿವ್ ಹಡಗಿನಲ್ಲಿ ಥರ್ಡ್ ಮೇಟ್ ಆದ. ಫಸ್ಟ್ ಮೇಟ್ ಪ್ರಮಾಣಪತ್ರ ಬಂದ ಮೇಲೆ ಟಿಲ್ಕರ್ಸ್ಟ್ ಹಡಗಿನಲ್ಲಿ ಸೆಕೆಂಡ್ ಮೇಟ್ ಆದ. ಹಾಯಿಹಡಗುಗಳು ಕಡಿಮೆಯಾಗುತ್ತಿದ್ದ ಕಾಲದಲ್ಲಿ ಸರ್ಕಾರದ ಮುದ್ರೆಯಿದ್ದವನೂ ಒಂದು ಮೆಟ್ಟಿಲು ಕೆಳಗೇ ದುಡಿಯಬೇಕಾಗಿತ್ತು.

ಭಾರತ: ಡಫರಿನ್ ಮತ್ತು ಅದರಾಚೆ

ಭಾರತದಲ್ಲಿ ಇದೇ ತೊಡಕಿಗೆ ವಸಾಹತುಶಾಹಿಯ ಬಣ್ಣವೂ ಸೇರಿತು. ಬ್ರಿಟಿಷ್ ಕಂಪನಿಗಳ ಹಡಗುಗಳಲ್ಲಿ ಭಾರತೀಯರು ಸಾವಿರಗಟ್ಟಲೆ ಇದ್ದರು, ಆದರೆ ಖಲಾಸಿ, ತಾಂಡೇಲ, ಸಾರಂಗರಂಥ ಕೆಳದರ್ಜೆಯ ನೌಕರರಾಗಿ ಮಾತ್ರ. ಅಧಿಕಾರಿಗಳ ಸಾಲಿನಲ್ಲಿ ಅವರಿಗೆ ಜಾಗವಿರಲಿಲ್ಲ. 1922ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಸರ್ ಪಿ.ಎಸ್. ಶಿವಸ್ವಾಮಿ ಅಯ್ಯರ್ ಈ ವಿಷಯದ ನಿರ್ಣಯ ಮಂಡಿಸಿದರು. ಮರುವರ್ಷ ಕ್ಯಾಪ್ಟನ್ ಹೆಡ್ಲಂ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಭಾರತೀಯರಿಗೆ ತರಬೇತಿ ನೌಕೆ ಬೇಕು, ಕರಾವಳಿ ವ್ಯಾಪಾರವನ್ನು ಕ್ರಮೇಣ ಭಾರತೀಯ ಹಡಗುಗಳಿಗೆ ಮೀಸಲಿಡಬೇಕು ಎಂದು ಅದು ಶಿಫಾರಸು ಮಾಡಿತು.

ಸರ್ಕಾರ ಮೊದಲನೆಯದನ್ನು ಒಪ್ಪಿ ಎರಡನೆಯದನ್ನು ಬದಿಗಿಟ್ಟಿತು. 1904ರಲ್ಲಿ ಕಟ್ಟಿದ ಸೈನಿಕ ಸಾಗಣೆಯ ಹಡಗು ಡಫರಿನ್ 1927ರಲ್ಲಿ ಮುಂಬೈನ ಮಜಗಾಂವ್ ಬಳಿ ಲಂಗರು ಹಾಕಿ ತರಬೇತಿ ನೌಕೆಯಾಯಿತು. ಮೂರು ವರ್ಷದ ಶಿಕ್ಷಣ ಮುಗಿಸಿ ಮೊದಲ ತಂಡ 1930ರಲ್ಲಿ ಹೊರಬಂತು. ಕರಾವಳಿ ವ್ಯಾಪಾರದ ಮೀಸಲಾತಿಗಾಗಿ ಶಾಸನಸಭೆಯ ಸದಸ್ಯ ಎಸ್.ಎನ್. ಹಾಜಿ 1928ರಲ್ಲಿ ತಂದ ಮಸೂದೆ ಮಾತ್ರ ಕಾಯ್ದೆಯಾಗಲಿಲ್ಲ. ಕಲಿಸುವ ವ್ಯವಸ್ಥೆ ಆಯಿತು, ಕಲಿತವರು ಹತ್ತುವ ಹಡಗಿನ ವ್ಯವಸ್ಥೆ ಆಗಲಿಲ್ಲ. 1919ರಲ್ಲಿ ಹುಟ್ಟಿದ ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್‌ನಂಥ ದೇಶೀಯ ಕಂಪನಿ ಬಾಗಿಲು ತೆರೆಯದಿದ್ದರೆ ಡಫರಿನ್ ಹುಡುಗರ ಶಿಕ್ಷಣ ಲಂಗರು ಬಿಟ್ಟು ಚಲಿಸುತ್ತಿರಲಿಲ್ಲ.

ಸ್ವಾತಂತ್ರ್ಯಾನಂತರ ಕರಾವಳಿ ವ್ಯಾಪಾರ ಭಾರತೀಯ ಹಡಗುಗಳಿಗೆ ಮೀಸಲಾಯಿತು. 1949ರಲ್ಲಿ ನೌಕಾಯಾನ ಮಹಾನಿರ್ದೇಶನಾಲಯ, 1958ರಲ್ಲಿ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆ, 1961ರಲ್ಲಿ ಶಿಪ್ಪಿಂಗ್ ಕಾರ್ಪೊರೇಷನ್ ಬಂದವು. ಡಫರಿನ್ ಜಾಗಕ್ಕೆ 1972ರಲ್ಲಿ ರಾಜೇಂದ್ರ ಎಂಬ ತರಬೇತಿ ನೌಕೆ, 1993ರಲ್ಲಿ ನವಿ ಮುಂಬೈನ ದಡದ ಮೇಲಿನ ಚಾಣಕ್ಯ ಸಂಸ್ಥೆ ಬಂದವು.

ಅಂತರರಾಷ್ಟ್ರೀಯ ಅಳತೆಗೋಲು

1967ರ ಮಾರ್ಚಿನಲ್ಲಿ ಟಾರಿ ಕ್ಯಾನ್ಯನ್ ಎಂಬ ತೈಲನೌಕೆ ಇಂಗ್ಲೆಂಡಿನ ನೈರುತ್ಯ ತೀರದಾಚೆ ಬಂಡೆಗೆ ಬಡಿದು ಕಚ್ಚಾತೈಲ ಸಮುದ್ರಕ್ಕೆ ಹರಿಯಿತು. ಅಧಿಕಾರಿಗಳ ತರಬೇತಿಗೆ ಎಲ್ಲ ದೇಶಗಳಿಗೂ ಒಂದೇ ಮಟ್ಟ ಬೇಕೆಂಬ ಒತ್ತಾಯಕ್ಕೆ ಈ ದುರಂತ ಬಲ ಕೊಟ್ಟಿತು. ಅಲ್ಲಿಯವರೆಗೆ ಒಂದೊಂದು ದೇಶದ ಪ್ರಮಾಣಪತ್ರಕ್ಕೂ ಒಂದೊಂದು ತೂಕವಿತ್ತು. 1978ರಲ್ಲಿ ಅಂಗೀಕೃತವಾಗಿ 1984ರಲ್ಲಿ ಜಾರಿಗೆ ಬಂದ, ನಾವಿಕರ ತರಬೇತಿ ಮತ್ತು ಪ್ರಮಾಣಪತ್ರಗಳ ಎಸ್‌ಟಿಸಿಡಬ್ಲ್ಯು ಒಪ್ಪಂದ ಎಲ್ಲರಿಗೂ ಸಮಾನ ಕನಿಷ್ಠ ಮಟ್ಟ ಗೊತ್ತುಮಾಡಿತು. 1995ರ ತಿದ್ದುಪಡಿ, ಅಭ್ಯರ್ಥಿ ಏನನ್ನು ಮಾಡಿ ತೋರಿಸಬಲ್ಲ ಎಂಬುದನ್ನು ಪಟ್ಟಿ ಮಾಡಿತು. 2010ರ ಮನಿಲಾ ತಿದ್ದುಪಡಿ ಅದನ್ನು ಇನ್ನಷ್ಟು ವಿಸ್ತರಿಸಿತು.

ಈ ಒಪ್ಪಂದದಂತೆ 500 ಗ್ರಾಸ್ ಟನ್ನೇಜ್ ಅಥವಾ ಅದಕ್ಕಿಂತ ದೊಡ್ಡ ಹಡಗಿನಲ್ಲಿ ಸ್ವತಂತ್ರವಾಗಿ ಬ್ರಿಡ್ಜ್ ವಾಚ್ (ಹಡಗು ನಡೆಸುವ ಪಾಳಿ) ನಿಭಾಯಿಸಲು ಹದಿನೆಂಟು ವರ್ಷ ತುಂಬಿರಬೇಕು. ಅನುಮೋದಿತ ತರಬೇತಿಯ ಭಾಗವಾಗಿ ಕನಿಷ್ಠ 12 ತಿಂಗಳು, ಇಲ್ಲವಾದರೆ 36 ತಿಂಗಳು ಸಮುದ್ರಸೇವೆ ಆಗಿರಬೇಕು. ಅದರಲ್ಲಿ ಆರು ತಿಂಗಳಾದರೂ ಕಪ್ತಾನ ಅಥವಾ ಅರ್ಹ ಅಧಿಕಾರಿಯ ಕಣ್ಣೆದುರಿನಲ್ಲಿ ಬ್ರಿಡ್ಜ್ ಕೆಲಸ ಮಾಡಿರಬೇಕು. ಭಾರತದಲ್ಲಿ ಒಂದು ವರ್ಷದ ನಾಟಿಕಲ್ ಸೈನ್ಸ್ ಡಿಪ್ಲೊಮಾ ದಾರಿಯಲ್ಲಿ ಬಂದ ಕೆಡೆಟ್‌ಗೆ 18 ತಿಂಗಳು, ಮೂರು ವರ್ಷದ ಬಿ.ಎಸ್‌ಸಿ. ಮಾಡಿದವನಿಗೆ 12 ತಿಂಗಳು ಹಡಗಿನ ಸೇವೆ ಬೇಕು. ಒಂದು ಕರಾರು ಇದಕ್ಕೆ ಸಾಲುವುದು ಅಪರೂಪ. ಮೊದಲ ಯಾನದ ನಂತರದ ಮೊದಲ ಮೆಟ್ಟಿಲು ಎರಡನೆಯ ಯಾನವೇ.

ಸೇವೆ ಪೂರ್ಣವಾದ ಮೇಲೆ ಮರ್ಕಂಟೈಲ್ ಮರೀನ್ ಇಲಾಖೆ ದಾಖಲೆಗಳನ್ನು ಪರಿಶೀಲಿಸಿ ಅರ್ಹತೆ ನಿರ್ಧರಿಸುತ್ತದೆ. ಬಳಿಕ ಸೆಕೆಂಡ್ ಮೇಟ್ ತರಗತಿಗಳು, ಅಗ್ನಿಶಮನ, ಜೀವರಕ್ಷಕ ದೋಣಿ, ಪ್ರಥಮ ಚಿಕಿತ್ಸೆ, ರೇಡಾರ್, ರೇಡಿಯೊ ಸಂಪರ್ಕದ ಕೋರ್ಸುಗಳು, ಲಿಖಿತ ಪರೀಕ್ಷೆ, ಕೊನೆಗೆ ಹುಡುಗರು ಹೆಚ್ಚು ಹೆದರುವ ಓರಲ್ಸ್ ಎಂಬ ಮೌಖಿಕ ಪರೀಕ್ಷೆ. ಪರೀಕ್ಷಕ ಮೇಜಿನ ಮೇಲೆ ಎರಡು ಪುಟ್ಟ ಹಡಗು ಮಾದರಿಗಳನ್ನಿಟ್ಟು, ನಿನ್ನ ಬಲಗಡೆಯಿಂದ ಇನ್ನೊಂದು ಹಡಗು ಅಡ್ಡ ಬರುತ್ತಿದೆ, ಏನು ಮಾಡುತ್ತೀಯ ಎಂದು ಕೇಳುತ್ತಾನೆ. ದಾರಿ ಬಿಡಬೇಕಾದವನು ನಾನು ಎಂಬುದು ಉತ್ತರ. 1863ರ ಉಗಿಹಡಗು ನಿಯಮವೂ ಅದನ್ನೇ ಹೇಳಿತ್ತು, 1972ರ ಡಿಕ್ಕಿ ತಡೆ ನಿಯಮಾವಳಿಯೂ ಅದನ್ನೇ ಹೇಳುತ್ತದೆ. ಪಾಸಾದವನಿಗೆ ಸಿಗುವುದು ಸೆಕೆಂಡ್ ಮೇಟ್ ಪ್ರಮಾಣಪತ್ರ. ಹಡಗಿನಲ್ಲಿ ಅವನು ಸೇರುವುದು ಸಾಮಾನ್ಯವಾಗಿ ಥರ್ಡ್ ಆಫೀಸರ್ ಆಗಿ.

ಉಪಸಂಹಾರ

ಪೀಪ್ಸ್ ಕಾಲದಿಂದ ಇಂದಿನವರೆಗೆ ಪರೀಕ್ಷೆ ಹೆಚ್ಚು ನ್ಯಾಯಯುತವಾಗಿದೆ, ಹೆಚ್ಚು ಖಚಿತವಾಗಿದೆ. ಹಡಗಿನಲ್ಲೊಂದು ಜಾಗ ಸಿಗುವ ವಿಷಯದಲ್ಲಿ ಆ ಮಾತು ಹೇಳುವಂತಿಲ್ಲ. ಅಂದು ಮುಂಗಡ ಹಣ ಕೇಳುವ ಮಾಲೀಕರಿದ್ದರು, ಇಂದು ಅದೇ ಕೊರತೆಯನ್ನು ಬಂಡವಾಳ ಮಾಡಿಕೊಂಡ ದಲ್ಲಾಳಿಗಳಿದ್ದಾರೆ. ಭಾರತ 2015ರಲ್ಲಿ ಒಪ್ಪಿಕೊಂಡ ಸಾಗರ ಕಾರ್ಮಿಕ ಒಪ್ಪಂದದ ಪ್ರಕಾರ ನೌಕರಿ ಕೊಡಿಸಲು ನಾವಿಕನಿಂದ ಶುಲ್ಕ ಪಡೆಯುವಂತಿಲ್ಲ, ನೇಮಕಾತಿ ಏಜೆನ್ಸಿಗೆ ಮಹಾನಿರ್ದೇಶನಾಲಯದ ಪರವಾನಗಿ ಇರಲೇಬೇಕು. ಮಂಗಳೂರು, ಉಡುಪಿ, ಕಾರವಾರದ ಕಡೆಯಿಂದಾಗಲಿ ಬಯಲುಸೀಮೆಯಿಂದಾಗಲಿ ಮಕ್ಕಳನ್ನು ಈ ವೃತ್ತಿಗೆ ಕಳಿಸುವ ತಂದೆತಾಯಿಗಳು ಕಾಲೇಜಿನ ಶುಲ್ಕ ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಬೇಕು: ಮೊದಲ ಹಡಗನ್ನು ಕೊಡುವವರು ಯಾರು, ಸಮುದ್ರಸೇವೆ ಪೂರ್ಣವಾಗುವವರೆಗೆ ಮುಂದಿನ ಹಡಗಿನ ಹೊಣೆ ಯಾರದು? ಇವೆರಡಕ್ಕೂ ಲಿಖಿತ ಉತ್ತರ ಕೊಡದ ಕಡೆ ಹಣ ಕಟ್ಟಬಾರದು.