ಚೌಕದೊಳಗಿನ ಕನ್ನಡ

ಶಾಲೆಯ ಪಠ್ಯಪುಸ್ತಕಗಳಲ್ಲಿ ಈಗ ಕಾಣುವ ಕ್ಯೂಆರ್ ಕೋಡ್ ಹುಟ್ಟಿದ್ದು ಮಕ್ಕಳಿಗಾಗಿ ಅಲ್ಲ. 1994ರಲ್ಲಿ ಜಪಾನಿನ ಡೆನ್ಸೋ ಕಂಪನಿಯಲ್ಲಿ ಮಸಾಹಿರೊ ಹಾರಾ ಮತ್ತು ಸಂಗಡಿಗರು ಅದನ್ನು ರೂಪಿಸಿದ್ದು ಕಾರಿನ ಬಿಡಿಭಾಗಗಳ ಲೆಕ್ಕವಿಡಲು. ಹಳೆಯ ಬಾರ್‌ಕೋಡಿನಲ್ಲಿ ಸುಮಾರು 20 ಅಕ್ಷರಗಳಷ್ಟೇ ಹಿಡಿಯುತ್ತಿದ್ದವು. ಈ ಹೊಸ ಚೌಕದಲ್ಲಿ 7,000ಕ್ಕೂ ಹೆಚ್ಚು ಅಂಕಿಗಳನ್ನು ತುಂಬಬಹುದಿತ್ತು. ಕಾರ್ಖಾನೆಯ ಎಣ್ಣೆ, ಕೊಳೆ ಮೆತ್ತಿದರೂ ಓದಲು ಬರುವಂತೆ, ಶೇಕಡಾ 30ರಷ್ಟು ಹಾಳಾದರೂ ಮಾಹಿತಿ ಉಳಿಯುವ ಏರ್ಪಾಡು ಅದರಲ್ಲಿದೆ. (ಒಂದನೇ ತರಗತಿಯ ಪುಸ್ತಕ ವರ್ಷದ ಕೊನೆಗೆ ಹೇಗಿರುತ್ತದೆಂದು ಬಲ್ಲವರಿಗೆ ಇದರ ಬೆಲೆ ಗೊತ್ತು.) ಪೇಟೆಂಟ್ ತಮ್ಮದಾದರೂ ಆ ಹಕ್ಕನ್ನು ಚಲಾಯಿಸುವುದಿಲ್ಲವೆಂದು ಕಂಪನಿ ಹೇಳಿತು. ಹಾಗಾಗಿ ಹಳ್ಳಿಯ ಮೇಷ್ಟ್ರೊಬ್ಬರಿಗೂ ಅದು ಪುಕ್ಕಟೆಯಾಗಿ ಸಿಕ್ಕಿತು.

ಆ ಮೇಷ್ಟ್ರು ರಣಜಿತ್‌ಸಿಂಹ ಡಿಸಲೆ. 2009ರಲ್ಲಿ ಅವರು ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಪ್ರಾಥಮಿಕ ಶಾಲೆಗೆ ಬಂದಾಗ, ಅದು ದನದ ಕೊಟ್ಟಿಗೆಗೂ ಉಗ್ರಾಣಕ್ಕೂ ನಡುವೆ ಸಿಕ್ಕಿಕೊಂಡಿದ್ದ ಪಾಳು ಕಟ್ಟಡ. 2020ರ ಡಿಸೆಂಬರ್‌ನಲ್ಲಿ ಅವರಿಗೆ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂದಾಗ ಎಲ್ಲರ ಬಾಯಲ್ಲೂ ಇದ್ದದ್ದು 10 ಲಕ್ಷ ಡಾಲರ್ ಬಹುಮಾನ, ಅದರ ಅರ್ಧವನ್ನು ಅವರು ಉಳಿದ ಒಂಬತ್ತು ಸ್ಪರ್ಧಿಗಳಿಗೆ ಹಂಚಿದ್ದು, ಮತ್ತು ಕ್ಯೂಆರ್ ಕೋಡ್. ಆದರೆ ಪ್ರಶಸ್ತಿ ಕೊಟ್ಟವರ ಪರಿಚಯಪತ್ರದಲ್ಲಿದ್ದ ಇನ್ನೊಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಆ ಶಾಲೆಯ ಹೆಣ್ಣುಮಕ್ಕಳ ಮನೆಮಾತು ಕನ್ನಡ. ಪಠ್ಯ ಆ ಭಾಷೆಯಲ್ಲಿರಲಿಲ್ಲ. ಮೇಷ್ಟ್ರು ಕನ್ನಡ ಕಲಿತರು. ಒಂದರಿಂದ ನಾಲ್ಕನೇ ತರಗತಿಯ ಪುಸ್ತಕಗಳನ್ನು ಮಕ್ಕಳಿಗೆ ತಿಳಿಯುವ ಹಾಗೆ ಕನ್ನಡದಲ್ಲಿ ಮರುರೂಪಿಸಿದರು. ಕೋಡ್‌ಗಳ ಹಿಂದೆ ಕನ್ನಡದ ಪದ್ಯ, ಕಥೆ, ವಿಡಿಯೊ ಪಾಠಗಳನ್ನು ಇಟ್ಟರು.

ಸೊಲ್ಲಾಪುರಕ್ಕೆ ಕನ್ನಡ ಹೊಸದಾಗಿ ಬಂದ ನೆಂಟನಲ್ಲ. 12ನೇ ಶತಮಾನದ ಸಿದ್ಧರಾಮನ ಸೊನ್ನಲಿಗೆ ಇದೇ ಊರು. 1956ರಲ್ಲಿ ಭಾಷೆಯ ಆಧಾರದ ಮೇಲೆ ರಾಜ್ಯಗಳನ್ನು ವಿಂಗಡಿಸಿದಾಗ ಜಿಲ್ಲೆ ಮುಂಬಯಿ ರಾಜ್ಯದಲ್ಲೇ ಉಳಿಯಿತು, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಗಡಿ ಎಳೆದಾಗ ರಾಜ್ಯಕ್ಕೆ ಒಂದು ಭಾಷೆ ಸಿಕ್ಕಿತು, ಆದರೆ ಮನೆಯೊಳಗಿನ ಮಾತು ಗೆರೆ ನೋಡಿ ಬದಲಾಗಲಿಲ್ಲ. ಮರಾಠಿ ನಾಡಿನ ಮೇಷ್ಟ್ರೊಬ್ಬರು ಕನ್ನಡ ಕಲಿತದ್ದನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ, ಚೌಕದ ತಂತ್ರಕ್ಕಿಂತ ಅದೇ ದೊಡ್ಡ ಘಟನೆ ಎಂದು ನನಗನ್ನಿಸುತ್ತದೆ.

ಮುಂದಿನದ್ದು ಬೇಗ ಬೇಗ ನಡೆಯಿತು. 2017ರಲ್ಲಿ ಮಹಾರಾಷ್ಟ್ರ ಸರ್ಕಾರ ಎಲ್ಲ ತರಗತಿಗಳ ಪುಸ್ತಕಗಳಲ್ಲಿ ಕ್ಯೂಆರ್ ಕೋಡ್ ತರುವುದಾಗಿ ಪ್ರಕಟಿಸಿತು. ಅದೇ ವರ್ಷ ಸೆಪ್ಟೆಂಬರ್ 5ರಂದು ಕೇಂದ್ರದ ದೀಕ್ಷಾ ವೇದಿಕೆ ಶುರುವಾಯಿತು. 2018ರಲ್ಲಿ ಎನ್‌ಸಿಇಆರ್‌ಟಿ ಪುಸ್ತಕಗಳಿಗೂ ಕೋಡ್ ಬರುವುದೆಂಬ ಘೋಷಣೆಯಾಯಿತು. ಕರ್ನಾಟಕದ ಪಠ್ಯಪುಸ್ತಕಗಳೂ ಈ ಸಾಲಿಗೆ ಸೇರಿದವು.

ಹೀಗೆ ದೇಶಕ್ಕೆಲ್ಲ ಹಬ್ಬಿದ್ದು ಚೌಕ. ಈ ಚೌಕದೊಳಗೆ ಪಾಠವಿರುವುದಿಲ್ಲ, ಪಾಠ ಇಟ್ಟ ಜಾಗದ ವಿಳಾಸವಷ್ಟೇ ಇರುತ್ತದೆ. ಆ ಜಾಗದಲ್ಲಿ ಯಾವ ಮಾತು ಕೇಳಿಸಬೇಕೆಂದು ಯಾರೋ ಕೂತು ತೀರ್ಮಾನಿಸಬೇಕು. ಪರಿತೇವಾಡಿಯಲ್ಲಿ ಅದನ್ನು ತೀರ್ಮಾನಿಸಿದವರು ಮಕ್ಕಳೆದುರು ದಿನವೂ ನಿಲ್ಲುತ್ತಿದ್ದ ಮೇಷ್ಟ್ರು.

ನಮ್ಮ ಕಡೆಯೂ ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಆಡಿ, ಶಾಲೆಯಲ್ಲಿ ಕನ್ನಡದ ಪುಸ್ತಕ ಬಿಡಿಸುತ್ತದೆ. ಅಲ್ಲಿ ಪರಕೀಯವಾಗಿದ್ದ ಕನ್ನಡ ಇಲ್ಲಿ ಸರ್ಕಾರದ ಭಾಷೆ. ಆ ಪುಟದ ಕೋಡ್ ಲಂಬಾಣಿಯಲ್ಲಿ ಒಂದು ಕಥೆ ಹೇಳುವಂತೆ ಮಾಡಲು ಡೆನ್ಸೋದವರ ಚೌಕದಲ್ಲಿ ಯಾವ ಅಡ್ಡಿಯೂ ಇಲ್ಲ.