ಆಡದ ಆಟದ ಬಹುಮಾನ

ಇಂದಿರಾಪುರಂನ ಬಹುಮಹಡಿ ವಸತಿಗಳಲ್ಲಿ ನೆಲೆಸಿರುವ ನಮ್ಮಂಥ ಕನ್ನಡ ಕುಟುಂಬಗಳಲ್ಲಿ ಬಹುಪಾಲು ತಂದೆತಾಯಿಯರು ಊರಿನಲ್ಲಿ, ಮಕ್ಕಳು ಇಲ್ಲಿ. ನಡುವಿನ ಕೊಂಡಿ ಮೊಬೈಲು ಮತ್ತು ಇಮೇಲು. ‘ತಮಗೆ ಇಪ್ಪತ್ತೈದು ಲಕ್ಷ ರೂಪಾಯಿ ಬಹುಮಾನ ಬಂದಿದೆ’ ಎಂಬ ಸಂದೇಶವೂ ಅದೇ ಕೊಂಡಿಯ ಮೂಲಕವೇ ಊರಿನ ಮನೆಯನ್ನು ತಲುಪುತ್ತದೆ. ಇದು ಗಣಕಯುಗದ ಪಿಡುಗೆಂದು ನಾವು ಭಾವಿಸುವುದುಂಟು. ಇತಿಹಾಸದತ್ತ ತಿರುಗಿದರೆ, ಗಣಕವು ಹೊಸ ವಾಹನ ಮಾತ್ರ, ಅದನ್ನೇರಿ ಬಂದವನು ತೀರ ಹಳಬ ಎಂಬುದು ತಿಳಿಯುತ್ತದೆ.

ಮೊದಲು ಕಳ್ಳನಾಗಿದ್ದು ಅನಂತರ ಪ್ಯಾರಿಸಿನ ಪತ್ತೇದಾರಿ ದಳದ ಮುಖ್ಯಸ್ಥನಾದ ವಿದೋಕ್, ಫ್ರಾನ್ಸಿನ ಸೆರೆಮನೆಗಳಿಂದ ಹೊರಡುತ್ತಿದ್ದ ‘ಜೆರುಸಲೇಮಿನ ಪತ್ರ’ಗಳನ್ನು ವರ್ಣಿಸಿದ್ದಾನೆ. ಕ್ರಾಂತಿಯ ಕಾಲದಲ್ಲಿ ಒಡೆಯನೊಡನೆ ಓಡಿಹೋದ ಸೇವಕನ ಹೆಸರಿನಲ್ಲಿ ಆ ಪತ್ರ ಬರುತ್ತಿತ್ತು. ಒಡವೆಯ ಪೆಟ್ಟಿಗೆಯೊಂದನ್ನು ನಿಮ್ಮ ಊರಿನ ಬಳಿ ಅಡಗಿಸಿದ್ದೇವೆ, ಈಗ ಸೆರೆಯಲ್ಲಿದ್ದೇನೆ, ಸ್ವಲ್ಪ ಹಣ ಕಳುಹಿಸಿದರೆ ಜಾಗವನ್ನು ತಿಳಿಸುವೆ ಎಂಬುದು ಅದರ ಒಕ್ಕಣೆ. ನೂರು ಪತ್ರಗಳಲ್ಲಿ ಇಪ್ಪತ್ತಕ್ಕಾದರೂ ಉತ್ತರ ಬರುತ್ತಿತ್ತೆಂದು ಅವನ ಲೆಕ್ಕ. ಮುಂದೆ ಇದೇ ಕಥೆ ‘ಸ್ಪೇನಿನ ಸೆರೆಯಾಳು’ ಎಂಬ ಹೆಸರಿನಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿತು.

ನಮ್ಮ ದೇಶದಲ್ಲಿ ಇಂಥ ವ್ಯವಹಾರಕ್ಕೆ ದಾರಿ ತೆರೆದುದು ಅಂಚೆಯ ಎರಡು ಸತ್ಸೇವೆಗಳು: 1877ರ ವಿ.ಪಿ.ಪಿ. ಮತ್ತು 1880ರ ಮನಿಯಾರ್ಡರು. ಹಳ್ಳಿಯ ಓದುಗನಿಗೆ ಪುಸ್ತಕವನ್ನೂ ರೋಗಿಗೆ ಔಷಧವನ್ನೂ ಮುಟ್ಟಿಸಿದ ವಿ.ಪಿ.ಪಿ.ಯನ್ನು ವಂಚಕರೂ ಬಳಸಿಕೊಂಡರು. ಒಂಬತ್ತು ಚೌಕಗಳಲ್ಲಿ ಅಂಕೆಗಳನ್ನು ತುಂಬಿ, ಯಾವ ಕಡೆಯಿಂದ ಕೂಡಿದರೂ 15 ಬರುವಂತೆ ಮಾಡಿದರೆ ರೇಡಿಯೋ ಬಹುಮಾನ ಎಂಬ ಜಾಹೀರಾತುಗಳು ನಮ್ಮ ತಲೆಮಾರಿನವರಿಗೆ ಅಪರಿಚಿತವಲ್ಲ. ಲೆಕ್ಕ ಸುಲಭ, ಉತ್ತರ ಬರೆದವರೆಲ್ಲರೂ ‘ವಿಜೇತರು’. ಆದರೆ ಪೊಟ್ಟಣವನ್ನು ಬಿಚ್ಚುವ ಮೊದಲು ‘ಖರ್ಚಿನ ಬಾಬ್ತು’ ಅಂಚೆಯವರ ಕೈಗೆ ಸಲ್ಲಬೇಕಾಗಿತ್ತು.

ಇದರ ಪಕ್ಕದಲ್ಲಿಟ್ಟು ನೋಡಬೇಕಾದ, ಸ್ವಭಾವದಲ್ಲಿ ಬೇರೆಯೇ ಆದ ಪ್ರಕರಣವೊಂದು ನಮ್ಮ ಬೆಂಗಳೂರಿಗೆ ಸೇರಿದ್ದು. 1950ರ ದಶಕದಲ್ಲಿ ಅಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯು ಆರ್.ಎಂ.ಡಿ.ಸಿ. ಪದಬಂಧವೆಂಬ ಬಹುಮಾನದ ಸ್ಪರ್ಧೆಯನ್ನು ನಡೆಸುತ್ತಿತ್ತು. ಮುಂಬಯಿ ಪ್ರಾಂತ್ಯದಿಂದಲೂ ಪ್ರವೇಶಶುಲ್ಕ ಹರಿದುಬರುತ್ತಿತ್ತು. ಅಲ್ಲಿನ ಸರ್ಕಾರ ಅದರ ಮೇಲೆ ತೆರಿಗೆ ಹಾಕಿದಾಗ ವ್ಯಾಜ್ಯವು ಸುಪ್ರೀಂ ಕೋರ್ಟನ್ನು ಮುಟ್ಟಿತು. 1957ರ ಏಪ್ರಿಲ್ 9ರಂದು ಮುಖ್ಯ ನ್ಯಾಯಮೂರ್ತಿ ಎಸ್. ಆರ್. ದಾಸ್ ಅವರಿದ್ದ ಪೀಠ ತೀರ್ಪಿತ್ತಿತು. ಗೆಲುವು ಜಾಣ್ಮೆಯನ್ನಲ್ಲ, ಮೊದಲೇ ಗೊತ್ತುಮಾಡಿಟ್ಟ ಉತ್ತರದೊಡನೆ ಆಕಸ್ಮಿಕವಾಗಿ ಹೊಂದುವುದನ್ನು ಅವಲಂಬಿಸಿರುವುದರಿಂದ ಇದು ಜೂಜು. ಜೂಜಿಗೆ ಸಂವಿಧಾನವು ಕೊಡುವ ವ್ಯಾಪಾರಸ್ವಾತಂತ್ರ್ಯದ ರಕ್ಷಣೆಯಿಲ್ಲ ಎಂಬುದು ಅದರ ಸಾರ. ಅಷ್ಟರೊಳಗೆ ಸಂಸತ್ತೂ 1955ರ ಕಾಯಿದೆಯ ಮೂಲಕ ಇಂಥ ಸ್ಪರ್ಧೆಗಳ ಬಹುಮಾನಕ್ಕೆ ತಿಂಗಳಿಗೆ ಒಂದು ಸಾವಿರ ರೂಪಾಯಿಯ ಮಿತಿಯನ್ನು ಹಾಕಿತ್ತು.

ಆ ಪದಬಂಧವನ್ನು ನ್ಯಾಯಾಲಯ ಜೂಜೆಂದಿತೇ ಹೊರತು ವಂಚನೆಯೆನ್ನಲಿಲ್ಲ. ಈ ಭೇದವೇ ಇಂದಿಗೂ ನಮಗೆ ಬೇಕಾದ ಒರೆಗಲ್ಲು. ಜೂಜಿನಲ್ಲಿ ಆಡುವವನು ತಿಳಿದೇ ಮೊದಲು ಪಣವನ್ನು ಇಡುತ್ತಾನೆ, ಗೆಲುವು ಆಮೇಲಿನದು. ಬಹುಮಾನದ ವಂಚನೆಯಲ್ಲಿ ಗೆಲುವೇ ಮೊದಲು ಬರುತ್ತದೆ. ಪಣವು ‘ಸಂಸ್ಕರಣಾ ಶುಲ್ಕ’, ‘ತೆರಿಗೆ’, ‘ಸುಂಕ’ ಎಂಬ ವೇಷಗಳಲ್ಲಿ ಹಿಂದಿನಿಂದ ಬರುತ್ತದೆ. ಇನ್ನೊಂದು ಭೇದವೂ ಉಂಟು. ಬೆಂಗಳೂರಿನ ಪತ್ರಿಕೆಗೆ ಕಚೇರಿಯಿತ್ತು, ವಿಳಾಸವಿತ್ತು. ತೆರಿಗೆಯವರೂ ನ್ಯಾಯಾಲಯವೂ ಅದನ್ನು ಕರೆಸಬಲ್ಲವರಾಗಿದ್ದರು. ಇಮೇಲಿನ ವಂಚಕನಿಗೆ ವಿಳಾಸವೇ ಇಲ್ಲ.

1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಅಂತರಜಾಲವನ್ನು ಸಾರ್ವಜನಿಕರಿಗೆ ತೆರೆದ ಮೇಲೆ ಅಂಚೆಚೀಟಿಯ ಖರ್ಚೂ ಉಳಿಯಿತು. ವಿದೋಕನ ಕಾಲದಲ್ಲಿ ನೂರಕ್ಕೆ ಇಪ್ಪತ್ತು ಉತ್ತರ ಬೇಕಾಗಿದ್ದರೆ, ಈಗ ಲಕ್ಷಕ್ಕೆ ಒಂದು ಬಂದರೂ ಲಾಭವೇ. ಮೈಕ್ರೋಸಾಫ್ಟ್ ಸಂಶೋಧಕ ಕಾರ್ಮಕ್ ಹರ್ಲಿ 2012ರಲ್ಲಿ ಕುತೂಹಲಕರವಾದ ವಾದವೊಂದನ್ನು ಮಂಡಿಸಿದರು: ಪತ್ರದ ಕಥೆ ನಂಬಲಸಾಧ್ಯವಾಗಿರುವುದು ವಂಚಕನಿಗೆ ಅನುಕೂಲವೇ. ಸಂಶಯಪಡುವವರು ಮೊದಲಲ್ಲೇ ಜಾರಿಹೋಗುತ್ತಾರೆ. ಉಳಿದವರ ಮೇಲಷ್ಟೇ ಅವನು ಶ್ರಮವನ್ನು ವ್ಯಯಿಸಿದರೆ ಸಾಕು.

ಆದ್ದರಿಂದ ಕಾಗುಣಿತದ ತಪ್ಪನ್ನೋ ಲಾಂಛನದ ಅಂದವನ್ನೋ ನೋಡಿ ನಿರ್ಧರಿಸುವುದು ದುರ್ಬಲ ಪರೀಕ್ಷೆ. ಹಳೆಯ ಎರಡು ಪ್ರಶ್ನೆಗಳೇ ಗಟ್ಟಿ. ನಾವು ಟಿಕೆಟನ್ನು ಕೊಂಡಿದ್ದೆವೆ? ಹಣ ಯಾವ ಕಡೆಗೆ ಹರಿಯಬೇಕೆಂದು ಹೇಳುತ್ತಿದ್ದಾರೆ? ನಮ್ಮಲ್ಲಿ ಲಾಟರಿಯ ನಗದು ಬಹುಮಾನದ ತೆರಿಗೆಯನ್ನು ಕೊಡುವವರೇ ಮುರಿದುಕೊಂಡು ಉಳಿದುದನ್ನು ಕೊಡುತ್ತಾರೆ. ಗೆದ್ದವರಿಂದ ಮುಂಗಡವಾಗಿ ಬೇಡುವುದಿಲ್ಲ. ವಿದೇಶದ ಲಾಟರಿ ಟಿಕೆಟು ಕೊಳ್ಳಲು ಹಣ ಕಳುಹಿಸುವುದನ್ನು 2000ದ ವಿದೇಶಿ ವಿನಿಮಯ ನಿಯಮಗಳೇ ನಿಷೇಧಿಸಿವೆ. ಕರ್ನಾಟಕದಲ್ಲಿ ಲಾಟರಿಗೆ 2007ರಿಂದ ನಿಷೇಧವಿದೆ. ತನ್ನ ಹೆಸರಿನಲ್ಲಿ ಬರುವ ಬಹುಮಾನದ ಪತ್ರಗಳನ್ನು ನಂಬಬೇಡಿರೆಂದು ರಿಸರ್ವ್ ಬ್ಯಾಂಕೂ ಮತ್ತೆ ಮತ್ತೆ ಎಚ್ಚರಿಸಿದೆ.

ಕಾನೂನಿಗೂ ತಲುಪಲಾಗದ ಮತ್ತೊಂದು ಎಡೆಯಿದೆ: ಮೋಸಹೋದವರ ಮೌನ. ‘ಅತಿಯಾಸೆ ಗತಿಗೇಡು’ ಎಂಬ ಗಾದೆಯನ್ನು ನಾವು ಮೋಸ ಮಾಡಿದವನಿಗಿಂತ ಮೋಸಹೋದವರ ಮುಂದೆಯೇ ಹೆಚ್ಚಾಗಿ ಆಡುತ್ತೇವೆ. ಮಗಳ ಮದುವೆಯ ಸಾಲವನ್ನು ತೀರಿಸಲು, ಮಕ್ಕಳ ಮುಂದೆ ಕೈಚಾಚದಿರಲು ಹಂಬಲಿಸಿದ ನಿವೃತ್ತರಿಗೆ ಆ ಮಾತು ನ್ಯಾಯವಲ್ಲ. ನಾಚಿಕೆಯಿಂದ ಅವರು ಬಾಯಿ ಕಟ್ಟಿಕೊಳ್ಳುತ್ತಾರೆ. ಹೋದ ಹಣವನ್ನು ಹಿಂದೆ ಪಡೆಯುವ ಆಸೆಯಿಂದ ಎರಡನೆಯ, ಮೂರನೆಯ ‘ಶುಲ್ಕ’ವನ್ನೂ ತೆರುತ್ತಾರೆ. ಆದರೆ ಬೇಗನೆ 1930ಕ್ಕೆ ಕರೆಮಾಡಿದರೆ, ಹಣವು ಕೈಯಿಂದ ಕೈಗೆ ದಾಟುವ ಮೊದಲೇ ಅದನ್ನು ಬ್ಯಾಂಕಿನಲ್ಲಿ ತಡೆಹಿಡಿಯುವ ಅವಕಾಶವುಂಟು. ಊರಿನ ಹಿರಿಯರಿಗೆ ಈ ಸಂಖ್ಯೆಯನ್ನು ಬರೆದುಕೊಟ್ಟರಷ್ಟೇ ಸಾಲದು. ಏನೇ ಆಗಲಿ, ಮೊದಲು ನಮಗೆ ಹೇಳಿ, ನಾವು ಗದರುವುದಿಲ್ಲ ಎಂಬ ಭರವಸೆಯನ್ನೂ ಅದರ ಜೊತೆಗೇ ಕೊಡಬೇಕು. ಕೊಟ್ಟ ಮೇಲೆ ಅದನ್ನು ಉಳಿಸಿಕೊಳ್ಳಬೇಕು.