ಯಾರೂ ಒಲ್ಲದ ವಾರ್ಡು

ಆಸ್ಪತ್ರೆಯ ಡ್ಯೂಟಿ ಪಟ್ಟಿಯಲ್ಲಿ ಒಂದು ಹೆಸರು ಈ ವಾರ್ಡಿನಿಂದ ಆ ವಾರ್ಡಿಗೆ ಸರಿಯುತ್ತದೆ. ನರ್ಸಮ್ಮ ಬೆಳಿಗ್ಗೆ ಬಂದು ನೋಡುತ್ತಾಳೆ: ವರ್ಷಗಟ್ಟಲೆ ಮಲಗಿದ ರೋಗಿಗಳ ವಾರ್ಡು, ಯಾರೂ ಒಲ್ಲದ ವಾರ್ಡು, ಈಗ ಅವಳದು. ‘ಯಾರಾದರೂ ಮಾಡಲೇಬೇಕಲ್ಲ’ ಅನ್ನುತ್ತಾರೆ ಮೇಲಿನವರು. ಸರಿ, ಮಾಡಲೇಬೇಕು. ಆದರೆ ಆ ‘ಯಾರಾದರೂ’ ಯಾವಾಗಲೂ ಯಾರು? ಸತ್ತ ದನ ಹೊತ್ತ, ಸಾವಿನ ಸುದ್ದಿ ಹೊತ್ತು ಊರೂರು ತಿರುಗಿದ ಹಟ್ಟಿಗಳಿಂದ ಬಂದ ನಾವು ಇದನ್ನು ಕೇಳದೆ ಇನ್ಯಾರು ಕೇಳಬೇಕು? ಉತ್ತರಕ್ಕಾಗಿ ನ್ಯೂಯಾರ್ಕಿನ ಚರಿತ್ರೆಯ ಒಂದು ಪುಟ ತೆರೆಯೋಣ.

1913ರಲ್ಲಿ ಬಾಬಾಸಾಹೇಬರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಲು ಆ ನಗರಕ್ಕೆ ಬಂದಿಳಿದರು. ಅದೇ ವರ್ಷ ಅದೇ ನಗರದ ಸ್ಟೇಟನ್ ದ್ವೀಪದಲ್ಲಿ ಸೀವ್ಯೂ ಎಂಬ ಕ್ಷಯದ ಆಸ್ಪತ್ರೆ ಬಾಗಿಲು ತೆರೆಯಿತು. ರೋಗಾಣುವನ್ನು ಕಾಕ್ 1882ರಲ್ಲೇ ಕಂಡುಹಿಡಿದಿದ್ದ. ಮದ್ದು ಮಾತ್ರ ಇರಲಿಲ್ಲ. ಇದ್ದದ್ದು ಗಾಳಿ, ಬಿಸಿಲು, ಊಟ, ಹಾಸಿಗೆ. ಬಡವರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಅಲ್ಲಿ ಬಿದ್ದಿರುತ್ತಿದ್ದರು. ಎಷ್ಟೋ ಮಂದಿ ಅಲ್ಲೇ ತೀರಿಕೊಂಡರು. ಅವರ ಕಫದ ಬಟ್ಟಲು ತೆಗೆದು, ರಕ್ತ ಕಾರಿದ ಹೊದಿಕೆ ಬದಲಿಸಿ, ಕೆಮ್ಮಿನೆದುರು ನಿಂತವರು ನರ್ಸುಗಳು. ರೋಗ ಅವರಿಗೂ ಅಂಟುತ್ತಿತ್ತು.

1929ರಲ್ಲಿ ಬಿಳಿಯ ನರ್ಸುಗಳು ಕೆಲಸ ಬಿಟ್ಟು ಹೊರಡತೊಡಗಿದರು. ಅವರನ್ನು ನಾವು ಬೈಯುವುದಿಲ್ಲ. ಪ್ರಾಣ ಯಾರಿಗೆ ಬೇಡ? ಆದರೆ ಅವರಿಗೆ ಬೇರೆ ಬಾಗಿಲುಗಳಿದ್ದವು. ಆಗ ನಗರದ ಆಡಳಿತ ಕರಿಯ ಹೆಣ್ಣುಮಕ್ಕಳತ್ತ ತಿರುಗಿತು. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಆಸ್ಪತ್ರೆಗಳು ಅವರಿಗೆ ಮುಚ್ಚಿದ್ದವು. ನ್ಯೂಯಾರ್ಕಿನಲ್ಲೂ ಬಹುಪಾಲು ಆಸ್ಪತ್ರೆಗಳು ಅವರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಹಾರ್ಲೆಮ್ ಆಸ್ಪತ್ರೆಯಲ್ಲಿ ಅವರಿಗೊಂದು ನರ್ಸಿಂಗ್ ಶಾಲೆ ಶುರುವಾದದ್ದೇ 1923ರಲ್ಲಿ. ಸಂಬಳ ಕೊಡುತ್ತೇವೆ, ತರಬೇತಿ ಕೊಡುತ್ತೇವೆ, ಇರಲು ಜಾಗ ಕೊಡುತ್ತೇವೆ, ಬನ್ನಿ ಅಂದಿತು ಆಡಳಿತ. ಎಲ್ಲಿಗೆ? ಸೀವ್ಯೂಗೆ. ಮುಂದಿನ ಎರಡು ದಶಕಗಳಲ್ಲಿ ಸುಮಾರು 300 ಮಂದಿ ಬಂದರು.

ಒಲ್ಲೆ ಅನ್ನಬಹುದಿತ್ತಲ್ಲ ಅಂತೀರಾ? ಒಲ್ಲೆ ಅನ್ನೋಕೂ ಒಂದು ಬಂಡವಾಳ ಬೇಕು ಸ್ವಾಮಿ. ಅವರು ನರ್ಸಾಗಿ ಬದುಕಲು ಕಂಡ ಬಾಗಿಲು ಅದೊಂದೇ. ಆ ಬಾಗಿಲಿನ ಒಳಗೆ ಕ್ಷಯ ಕೂತಿತ್ತು.

1951ರಲ್ಲಿ ಐಸೊನಿಯಾಜಿಡ್ ಗುಳಿಗೆಯ ಪ್ರಯೋಗ ನಡೆದದ್ದು ಈ ವಾರ್ಡುಗಳಲ್ಲೇ. ದಿನಾ ಗುಳಿಗೆ ನುಂಗಿಸಿ, ರೋಗಿಯ ಮೈಯಲ್ಲಿ ಆಗುವ ಒಂದೊಂದು ಬದಲಾವಣೆಯನ್ನೂ ಬರೆದಿಟ್ಟವರು ಈ ಹೆಣ್ಣುಮಕ್ಕಳು. ಸಾವಿಗೆ ಕಾದಿದ್ದವರು ಎದ್ದು ಓಡಾಡಿದರು. 1952ರ ಫೆಬ್ರವರಿಯಲ್ಲಿ ಸುದ್ದಿ ಜಗತ್ತಿಗೆ ಗೊತ್ತಾಯಿತು. ಡಾಕ್ಟರುಗಳಾದ ರೋಬಿಟ್ಜೆಕ್, ಸೆಲಿಕಾಫ್ ಹೆಸರುಗಳು ಪತ್ರಿಕೆಗೆ ಬಂದವು. ನರ್ಸುಗಳ ಹೆಸರು ಬರಲಿಲ್ಲ. ಅವರ ಕಥೆಯನ್ನು ಮರಿಯಾ ಸ್ಮಿಲಿಯೋಸ್ ಪುಸ್ತಕವಾಗಿ ಬರೆದು ಪ್ರಕಟಿಸಿದ್ದು 2023ರಲ್ಲಿ.

ಆ ಗುಳಿಗೆ ನಮ್ಮವರೆಗೂ ಬಂತು. 1956ರಲ್ಲಿ ಮದರಾಸಿನ ಬಡರೋಗಿಗಳನ್ನು ಅವರವರ ಮನೆಯಲ್ಲೇ ಇಟ್ಟು ಈ ಮದ್ದನ್ನು ಇನ್ನೊಂದರ ಜೊತೆ ಕೊಟ್ಟು ನೋಡಿದರು, ಗುಣ ಆಯಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ನಮ್ಮ ಕೇರಿಗಳಲ್ಲಿ ಉಳಿದ ಎಷ್ಟೋ ಉಸಿರಿನಲ್ಲಿ ಸೀವ್ಯೂನ ಆ ಕರಿಯ ಕೈಗಳ ಪಾಲಿದೆ.

ರೋಗಿಗಳು ಅವರನ್ನು ‘ಕರಿಯ ದೇವತೆಗಳು’ ಅಂದರು. ಅದು ಪ್ರೀತಿಯ ಮಾತು, ಒಪ್ಪುತ್ತೇವೆ. ಆದರೆ ಅದೇ ಮಾತು ಮೇಲಿನವರ ಬಾಯಿಗೆ ಬಂದಾಗ ನಮಗೆ ಭಯ. ನಮ್ಮನ್ನೂ ‘ಹರಿಜನ’ ಅಂದರು, ಕಸ ಬಳಿಯುವುದನ್ನು ಪುಣ್ಯ ಅಂದರು. ಪೊರಕೆ ಮಾತ್ರ ನಮ್ಮ ಕೈಯಲ್ಲೇ ಉಳಿಯಿತು. ದೇವತೆಗೆ ಸಂಬಳ ಸಾಲದು ಅನ್ನೋ ಬಾಯಿಲ್ಲ, ರಜೆಯಿಲ್ಲ, ಈ ವಾರ್ಡು ನನಗ್ಯಾಕೆ ಅಂತ ಕೇಳೋ ಹಕ್ಕಿಲ್ಲ.

ರೋಗಿಯ ಕೈ ಬಿಡಿ ಅಂತ ನಾವು ಹೇಳುತ್ತಿಲ್ಲ. ಹಾಸಿಗೆ ಹಿಡಿದವರೂ ನಮ್ಮವರೇ. ಡ್ಯೂಟಿ ಪಟ್ಟಿಯನ್ನು ಚರಿತ್ರೆಯ ಹಾಗೆ ಓದಿ ಅನ್ನುತ್ತೇವೆ. ಒಲ್ಲದ ವಾರ್ಡಿಗೆ ಹತ್ತು ವರ್ಷದಿಂದ ಯಾರ ಹೆಸರು ಬಿದ್ದಿದೆ, ಯಾರ ಹೆಸರು ಒಮ್ಮೆಯೂ ಬಿದ್ದಿಲ್ಲ, ಎಣಿಸಿ ನೋಡಿ. ಸೇವೆ ಅಷ್ಟು ದೊಡ್ಡದಾದರೆ ಅದರ ಸರದಿ ಎಲ್ಲರಿಗೂ ಬರಲಿ.